ಶಾಖದ ಲೆಕ್ಕವಿಡುವ ದಳಪತಿ: ಒಬ್ಬ ಖಳನನ್ನು ಕಟ್ಟಿದ ಅನುಭವ

ನನ್ನ ವಿಜ್ಞಾನ ಕಾದಂಬರಿಯ ಖಳ ಠೇರವ, ಟೌ ಸೆಟಿ ನಕ್ಷತ್ರವನ್ನು ಸುತ್ತುವ ಒಂದು ಲೋಕದಿಂದ ಬಂದ ಸಮರನೌಕೆಯ ದಳಪತಿ. ಅವನ ರೂಪ, ಆಯುಧ, ಉಡುಪುಗಳಿಗೆ ಕೈಹಾಕುವ ಮೊದಲು ಅವನಿಗೂ ಅವನ ಒಡೆಯರಿಗೂ ನಡುವಿನ ದೂರವನ್ನು ಗೊತ್ತುಮಾಡಿಕೊಂಡೆ. ಟೌ ಸೆಟಿ ನಮ್ಮಿಂದ ಸುಮಾರು 12 ಜ್ಯೋತಿರ್ವರ್ಷ ದೂರದಲ್ಲಿದೆ. ಭೂಮಿಯ ಬಳಿ ನಿಂತು ‘ಈ ನಗರವನ್ನು ಸುಡಲೇ, ಉಳಿಸಲೇ’ ಎಂದು ಅವನು ಕೇಳಿದರೆ ಪ್ರಶ್ನೆ ಮುಟ್ಟಲು 12 ವರ್ಷ, ಉತ್ತರ ಬರಲು ಮತ್ತೆ 12 ವರ್ಷ ಬೇಕು. ಯಾರ ಅಪ್ಪಣೆಗೂ ಕಾಯುವಂತಿಲ್ಲದ, ಯಾರೂ ಕೈಹಿಡಿದು ತಡೆಯಲಾಗದ ಆ ಸ್ಥಿತಿಯೇ ಅವನ ಕ್ರೌರ್ಯದ ಬೇರು ಎಂದು ನಾನು ನಂಬಿದೆ. ಕಾದಂಬರಿಯ ಉಳಿದೆಲ್ಲವೂ ಅಲ್ಲಿಂದಲೇ ಬೆಳೆಯಿತು.

ಇಂಥ ದೂರ ಮನುಷ್ಯನನ್ನು ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಪಶ್ಚಿಮ ಕರಾವಳಿಯ ಇತಿಹಾಸದಲ್ಲೇ ಸಾಕ್ಷಿಯಿದೆ. 1502ರಲ್ಲಿ ಎರಡನೆಯ ಬಾರಿ ಬಂದ ವಾಸ್ಕೋ ಡ ಗಾಮ ಲಿಸ್ಬನ್ನಿಗೆ ಒಂದು ಮಾತು ಕಳುಹಿಸಿ ಮರುಮಾತು ಪಡೆಯಬೇಕೆಂದರೆ ವರ್ಷವೇ ಉರುಳಬೇಕಿತ್ತು. ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದ ಹಡಗೊಂದನ್ನು ಅವನು ಮಲಬಾರ್ ತೀರದಾಚೆ ಹಿಡಿದ. ಅದರಲ್ಲಿದ್ದ ಸಿರಿವಂತ ವರ್ತಕರು ದೊಡ್ಡ ಮೊತ್ತದ ಬಿಡುಗಡೆಯ ಹಣ ಕೊಡಲು ಮುಂದಾದರೂ ಒಪ್ಪದೆ, ಸರಕನ್ನೆಲ್ಲ ಇಳಿಸಿಕೊಂಡು, ಜನರಿದ್ದಂತೆಯೇ ಹಡಗಿಗೆ ಬೆಂಕಿ ಹಚ್ಚಿಸಿದ. ಹೆಂಗಸರು ಒಡವೆಗಳನ್ನು ತೋರಿಸಿ, ಕೂಸುಗಳನ್ನು ಎತ್ತಿ ಹಿಡಿದು ಬೇಡಿದ್ದನ್ನು ಅದೇ ನೌಕಾಪಡೆಯಲ್ಲಿದ್ದ ತೊಮೆ ಲೋಪೆಸ್ ಬರೆದಿಟ್ಟಿದ್ದಾನೆ. ಆ ಬರಹ ಓದಿದ ಮೇಲೆ, ದಿಗಂತದಲ್ಲಿ ಗುರುತಿಲ್ಲದ ಹಡಗು ಕಾಣಿಸಿಕೊಂಡಾಗ ತೀರದ ಜನಕ್ಕೆ ಏನೆನಿಸಿರಬಹುದು ಎಂಬುದನ್ನು ನಾನು ಹೊಸದಾಗಿ ಕಲ್ಪಿಸಿಕೊಳ್ಳಬೇಕಾಗಲಿಲ್ಲ. ಗಾಮನ ಅದೇ ಯಾನದ ದಾರಿಯಲ್ಲಿ ನಮ್ಮ ಭಟ್ಕಳವೂ ಇತ್ತು. ಅಲ್ಲಿಂದ ಕಪ್ಪವಾಗಿ ಕೇಳಿದ್ದು ಅಕ್ಕಿ. ಈ ವಿವರ ನನ್ನನ್ನು ಬಹಳ ಕಾಲ ಕಾಡಿತು, ಏಕೆಂದರೆ ಊರು ಸುಡುವವನಿಗೂ ತನ್ನ ನಾವಿಕರ ಊಟದ ಚಿಂತೆ ಇರುತ್ತದೆ. ಠೇರವನೂ ಮೊದಲ ಮಾತುಕತೆಯಲ್ಲಿ ಕೇಳುವುದು ಶರಣಾಗತಿಯನ್ನಲ್ಲ, ನೀರನ್ನು.

ಆಯುಧದ ವಿಷಯದಲ್ಲಿ ನನಗೆ ಹೆಚ್ಚು ಶ್ರಮವಾಗಲಿಲ್ಲ. ಬೆಳಕಿನ ವೇಗದ ಹತ್ತನೆಯ ಒಂದು ಭಾಗದಲ್ಲಿ ಹಾರುವ ಒಂದು ಕಿಲೋಗ್ರಾಂ ತೂಕದ ಗುಂಡಿನಲ್ಲಿ ಹಿರೋಶಿಮಾದ ಬಾಂಬಿನ ಸುಮಾರು ಏಳು ಪಟ್ಟು ಶಕ್ತಿ ಅಡಗಿರುತ್ತದೆ. ಹಾಗಿರುವಾಗ ಮಾಯದ ಕಿರಣಗಳು ಏಕೆ ಬೇಕು?

ನಿಜವಾಗಿ ತಲೆ ಕೆಡಿಸಿದ್ದು ಶಾಖ. ನಿರ್ವಾತದಲ್ಲಿ ಗಾಳಿಯಿಲ್ಲ, ನೀರಿಲ್ಲ. ನೌಕೆಯೊಳಗಿನ ಬಿಸಿ ಹೊರಹೋಗಬೇಕಾದರೆ ವಿಕಿರಣದ ಮೂಲಕವೇ ಹೋಗಬೇಕು. ಶಾಖವನ್ನು ಹೊರಸೂಸಲೆಂದೇ ನೌಕೆಗೆ ಜೋಡಿಸಿದ, ಕೋಣೆಯ ತಾಪದಲ್ಲಿರುವ ಫಲಕದ ಒಂದು ಚದರ ಮೀಟರ್ ಮೈಯಿಂದ 450 ವ್ಯಾಟ್‌ನ ಆಸುಪಾಸಿನಷ್ಟು ಶಾಖ ಮಾತ್ರ ಹೊರಗೆ ಹೋಗುತ್ತದೆ. ಸುಮ್ಮನೆ ಕುಳಿತ ಮನುಷ್ಯನೊಬ್ಬನ ಮೈಯಿಂದ ಹೊಮ್ಮುವುದು ಸುಮಾರು 100 ವ್ಯಾಟ್. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡಾಗ ನನ್ನ ಖಳನ ಅತ್ಯಂತ ಕ್ರೂರ ಅಧ್ಯಾಯ ತಾನಾಗಿ ಸಿಕ್ಕಿತು. ಒಡೆದುಹೋದ ನಮ್ಮ ಬಾಹ್ಯಾಕಾಶ ನಿಲ್ದಾಣದಲ್ಲಿ 400 ಜನ ಬದುಕುಳಿದಿದ್ದಾರೆ. ಠೇರವನ ನೌಕೆಯ ಫಲಕಗಳು ಕಾಳಗದಲ್ಲಿ ಹಾಳಾಗಿವೆ. ಉಪದಳಪತಿ ಅವರನ್ನು ಹತ್ತಿಸಿಕೊಳ್ಳೋಣವೇ ಎಂದು ಕೇಳುತ್ತಾಳೆ. ಅವನು ಕೋಪಗೊಳ್ಳುವುದಿಲ್ಲ. 400 ಮೈಗಳೆಂದರೆ 40 ಕಿಲೋವ್ಯಾಟ್, ಅದಕ್ಕೆ ಸುಮಾರು 90 ಚದರ ಮೀಟರ್ ಫಲಕ ಬೇಕು, ನಮ್ಮಲ್ಲಿ ಉಳಿದಿರುವುದು ನಮಗೇ ಸಾಲದು ಎಂದು ಹೇಳಿ ದ್ವಾರ ಮುಚ್ಚಿಸುತ್ತಾನೆ. ಲೆಕ್ಕ ಸರಿಯಾಗಿದೆ. ಹಿಂದಿನ ಅಧ್ಯಾಯದಲ್ಲಿ ಅದೇ ನೌಕೆಯಲ್ಲಿ, ತನ್ನ ಲೋಕದ ಗಿಡಗಳಿಗಾಗಿ ಇರಿಸಿದ ಬೆಚ್ಚನೆಯ ತೋಟವನ್ನು ಅವನು ತಿರುಗಾಡಿ ನೋಡಿದ್ದ. ಆ ತೋಟದ ಬಿಸಿಯನ್ನು ನಿಲ್ಲಿಸಬಹುದಿತ್ತು ಎಂದು ನಾನು ಎಲ್ಲಿಯೂ ಬರೆದಿಲ್ಲ. ಓದುಗರು ಕಂಡುಕೊಳ್ಳಲಿ ಎಂದು ಬಿಟ್ಟಿದ್ದೇನೆ.

ಮಾತಿನ ರೀತಿಯನ್ನು ಬಹಳ ಎಚ್ಚರದಿಂದ ಆರಿಸಿದೆ. ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದಿನಿಂದಲೇ ಅಬ್ಬರಿಸಿ ಬರುವ ಗತ್ತು ನನಗೆ ತುಂಬ ಪ್ರಿಯ, ಆದರೆ ಅಬ್ಬರಿಸುವವನ ಮೈಯಲ್ಲಿ ಉಸಿರು, ಬಿಸಿ, ಆವೇಶ ಇರುತ್ತವೆ, ಅವನೊಡನೆ ಜಗಳವನ್ನಾದರೂ ಆಡಬಹುದು. ಠೇರವ ಸೆರೆಯಾಳುಗಳನ್ನು ‘ತಾವು’ ಎಂದೇ ಕರೆಯುತ್ತಾನೆ, ಅವರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯುತ್ತಾನೆ, ‘ತಮ್ಮ ಊರಿಗೆ ನಾಳೆ ಬೆಳಗಿನವರೆಗೆ ಸಮಯವಿದೆ, ತಾವು ಊಟ ಮಾಡಿ’ ಎನ್ನುತ್ತಾನೆ. ಈ ಸಾಲನ್ನು ಗಟ್ಟಿಯಾಗಿ ಓದಿದಾಗ ಅವನು ಸಿದ್ಧನಾದ ಎನಿಸಿತು.

ಅವನಿಗೆದುರಾಗಿ ಅದೇ ನೌಕೆಯ ಉಪದಳಪತಿಯನ್ನು ನಿಲ್ಲಿಸಿದ್ದು ಉದ್ದೇಶಪೂರ್ವಕ. ಅದೇ 12 ಜ್ಯೋತಿರ್ವರ್ಷ ದಾಟಿ ಬಂದವಳು, ಅದೇ ಲೆಕ್ಕ ಬಲ್ಲವಳು. ಆದರೂ ದ್ವಾರ ತೆರೆಯೋಣ ಎಂದು ಕೇಳಿದಳು. ಅವಳಿಲ್ಲದಿದ್ದರೆ ಕ್ರೌರ್ಯವೆಲ್ಲ ಆ ಜೀವಿಗಳ ಹುಟ್ಟುಗುಣ ಎಂಬ ಅರ್ಥ ಬಂದುಬಿಡುತ್ತಿತ್ತು, ಆಗ ಠೇರವನ ಮೇಲೆ ಯಾವ ಅಪರಾಧವೂ ನಿಲ್ಲುತ್ತಿರಲಿಲ್ಲ.

ಕೊನೆಯಲ್ಲಿ ಅವನನ್ನು ಕೊಲ್ಲಬೇಕೆಂದು ಹಸ್ತಪ್ರತಿ ಓದಿದ ಗೆಳೆಯರು ಒತ್ತಾಯಿಸಿದರು. ಗಾಮ ಸನ್ಮಾನಿತನಾಗಿಯೇ ಬಾಳಿದ. 1524ರಲ್ಲಿ ವೈಸರಾಯ್ ಪದವಿಯೊಂದಿಗೆ ಮತ್ತೆ ಇಲ್ಲಿಗೆ ಬಂದು, ಅದೇ ವರ್ಷ ಕೊಚ್ಚಿಯಲ್ಲಿ ಕಾಲವಾದ. ಹಾಗಾಗಿ ಠೇರವನಿಗೂ ನಾನು ಬಡ್ತಿಯನ್ನೇ ಕೊಟ್ಟೆ, ಎರಡನೆಯ ಸಂಪುಟದಲ್ಲಿ ಅವನು ಮೂರು ನೌಕೆಗಳೊಂದಿಗೆ ಬರುತ್ತಾನೆ. ಮುಚ್ಚಿದ ದ್ವಾರದ ವರದಿಯನ್ನು ಬರೆದಿಟ್ಟುಕೊಂಡ ಉಪದಳಪತಿ ಈ ಬಾರಿ ಅವುಗಳಲ್ಲೊಂದರ ಅಧಿಪತಿ.