ಕೆರೆ ಏರಿ, ಕೆಂಪು ಹಾದಿ: ನಿಮ್ಮ ಓಟದ ದಾರಿ ಹುಡುಕುವುದು ಹೇಗೆ?

ಬೀದರ್ ಪಕ್ಕದ ಅಷ್ಟೂರಿನ ಗುಮ್ಮಟಗಳ ಹತ್ತಿರ ಕುರಿ ಹೊಡೆದುಕೊಂಡು ಹೊರಟಿದ್ದ ಮುತ್ಯಾ ಒಬ್ಬರು ನನ್ನನ್ನು ನಿಲ್ಲಿಸಿ ಕೇಳಿದ್ದರು: ‘ಯಾಕೋ ತಮ್ಮಾ, ಯಾರರ ಬೆನ್ನ ಹತ್ಯಾರೇನು?’

‘ಇಲ್ರಿ ಮುತ್ಯಾ, ಸುಮ್ನ ಓಡ್ಲಕತ್ತೀನಿ.’

‘ಸುಮ್ನ ಯಾರ್ ಓಡ್ತಾರೋ?’ ಅಂದು ಕುರಿಗಳ ಕಡೆ ತಿರುಗಿಬಿಟ್ಟರು.

ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಸುಮ್ನ ಓಡುವವರು ಈಗ ಕಮ್ಮಿಯೇನಿಲ್ಲ. ಆದರೆ ಬಹಳಷ್ಟು ಜನ ಕಾಲೇಜು ಮೈದಾನದ ಸುತ್ತ ಗಾಣದ ಎತ್ತಿನ ಹಾಗೆ ತಿರುಗುತ್ತಾರೆ. ಊರ ಹೊರಗೆ ಕಾಲಿಟ್ಟರೆ ಕೆರೆ ಇದೆ, ಕುರುಚಲು ಅಡವಿ ಇದೆ, ಆರುನೂರು ವರ್ಷದ ಗುಮ್ಮಟಗಳಿವೆ. ಅಲ್ಲಿ ಓಡುವ ದಾರಿಯನ್ನು ನೀವೇ ಹುಡುಕಿಕೊಳ್ಳಬೇಕು.

ಮೊದಲು ಮಣ್ಣು ನೋಡಿ

ನಮ್ಮ ಕಡೆ ಯಾವ ದಾರಿ ಯಾವ ತಿಂಗಳಿಗೆ ಎಂದು ತೀರ್ಮಾನಿಸುವುದು ಮಣ್ಣು. ಬೀದರ್ ನಗರ ಕೂತಿರುವುದು 2,000 ಅಡಿಗೂ ಎತ್ತರದ ಜಂಬಿಟ್ಟಿಗೆ ದಿಬ್ಬದ ಮೇಲೆ. ಸೋಸುವ ಜರಡಿಯಂಥ ಕೆಂಪು ಕಲ್ಲು ಅದು. ರಾತ್ರಿ ಜಡಿಮಳೆ ಹೊಡೆದರೂ ನೀರು ಬೇಗ ಇಂಗುತ್ತದೆ, ಬೆಳಿಗ್ಗೆ ಮುರುಮಿನ ಹಾದಿ ಗಟ್ಟಿಯಾಗಿಯೇ ಸಿಗುತ್ತದೆ. ಅದೇ ದಿಬ್ಬ ಇಳಿದು ತೊಗರಿ, ಜೋಳದ ಹೊಲಗಳ ಕಡೆ ಹೋದರೆ ಕರಿ ಎರೆ. ಅದರ ಸ್ವಭಾವವೇ ಬೇರೆ.

ನನಗೆ ಇದು ಗೊತ್ತಾಗಿದ್ದು ಕಲಬುರಗಿ ತಾಲ್ಲೂಕಿನ ಒಂದು ಸಣ್ಣ ಕೆರೆಯ ಪಕ್ಕದ ಬಂಡಿದಾರಿಯಲ್ಲಿ. ಆಗಸ್ಟ್ ತಿಂಗಳು, ಹಿಂದಿನ ದಿನ ಮಳೆ. ಇಪ್ಪತ್ತು ಹೆಜ್ಜೆಗೆ ಬೂಟಿನ ತಳಕ್ಕೆ ರೊಟ್ಟಿ ದಪ್ಪದ ಮಣ್ಣು, ಐವತ್ತು ಹೆಜ್ಜೆಗೆ ಇಟ್ಟಿಗೆ ದಪ್ಪ. ಕಡ್ಡಿಯಿಂದ ಕೆರೆದು ಹಾಕಿ ಮತ್ತೆ ಎರಡು ಹೆಜ್ಜೆ ಇಟ್ಟರೆ ಮತ್ತೆ ಅಷ್ಟೇ. ಕೊನೆಗೆ ಎಡ ಬೂಟು ಮಣ್ಣಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು. ಎರಡೂ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಡಾಂಬರು ರಸ್ತೆ ಸೇರಿದೆ. ಹಾಗಾಗಿ ಎರೆ ಹೊಲದ ದಾರಿಗಳನ್ನು ದೀಪಾವಳಿ ಆಚೆಗೆ ಇಟ್ಟುಕೊಳ್ಳಿ. ಆಗ ಅಲ್ಲಿ ಓಡುವ ಸುಖ ಬೇರೆ ಕಡೆ ಇಲ್ಲ: ಎರಡೂ ಕಡೆ ಹಿಂಗಾರಿ ಜೋಳ, ಬದುವಿನಲ್ಲಿ ಕುಸುಬಿಯ ಹಳದಿ.

ಓಡುವ ಮೊದಲು ಒಮ್ಮೆ ನಡೆಯಿರಿ

ಹೊಸ ದಾರಿಯನ್ನು ಮೊದಲ ಸಲ ನಡೆದೋ ಸೈಕಲ್ಲಿನಲ್ಲೋ ನೋಡಿ ಬನ್ನಿ, ಅದೂ ಬೆಳಕಿದ್ದಾಗ. ಕೆರೆ ಏರಿಯಾದರೆ ಈ ತುದಿಯಿಂದ ಆ ತುದಿಯವರೆಗೆ ಹೋಗಿ. ಏರಿ ನಡುವೆ ಕೊರೆದಿದೆಯೇ, ತೂಬಿನ ಹತ್ತಿರ ಕಲ್ಲು ಸಡಿಲವೇ, ಕೋಡಿ ಬಿದ್ದಾಗ ದಾಟುವ ಜಾಗ ಯಾವುದು, ನೋಡಿಕೊಳ್ಳಿ. ಕೋಡಿ ಹರಿದ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಅಲ್ಲಿ ಓಡಬೇಡಿ, ನಡೆಯಿರಿ.

ಇನ್ನೊಂದು ನೋಡಬೇಕಾದ್ದು ಜಾಲಿ. ಬಳ್ಳಾರಿ ಜಾಲಿ ಕಡಿದು ಸೌದೆ ಹೊತ್ತ ದಾರಿಯಲ್ಲಿ ಮುಳ್ಳು ಚೆಲ್ಲಿರುತ್ತದೆ. ಮೆತ್ತನೆಯ ದುಬಾರಿ ಬೂಟುಗಳ ತಳವನ್ನು ಅದು ಸೀದಾ ದಾಟುತ್ತದೆ. ಅಂಥ ದಾರಿಗೆ ತಳ ಗಟ್ಟಿ ಇರುವ ಬೂಟೇ ಸರಿ. ಮನೆಗೆ ಬಂದ ಮೇಲೆ ತಳವನ್ನು ಬೆಳಕಿಗೆ ಹಿಡಿದು ಮುರಿದ ಮುಳ್ಳಿನ ಮೊನೆ ಹುಡುಕಿ. ಇವತ್ತು ಚುಚ್ಚದ್ದು ನಾಳೆ ಒಳಗೆ ಬರುತ್ತದೆ.

ದೂರ ಅಳೆಯಲು ಫೋನಿನ ಆ್ಯಪ್ ಸಾಕು. ಸುತ್ತಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ವಾಪಸು ಬರುವುದು ಹೊಸಬರಿಗೆ ಒಳ್ಳೆಯದು. ಇಪ್ಪತ್ತು ನಿಮಿಷ ಆಯಿತೋ, ಅರ್ಧ ಬಾಟಲಿ ನೀರು ಖಾಲಿಯಾಯಿತೋ, ಯಾವುದು ಮೊದಲೋ ಅಲ್ಲಿಗೆ ತಿರುಗಿಬಿಡಿ. ಎಂದೂ ಓಡದವರು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತ ಶುರುಮಾಡಲಿ.

ಎಲ್ಲಿಂದ ಶುರುಮಾಡುವುದು?

ನಾನು ಬೀದರಿನವನು, ಪಕ್ಷಪಾತ ಇದ್ದೇ ಇದೆ. ನನ್ನ ಮೊದಲ ಆಯ್ಕೆ ಅಷ್ಟೂರು ದಾರಿ. ಊರಿನಿಂದ ಪೂರ್ವಕ್ಕೆ ಮೂರು ಕಿಲೋಮೀಟರ್ ಆಸುಪಾಸು. ಹೋಗುವಾಗ ಇಳಿಜಾರು, ಕಾಲು ತಾನಾಗಿ ಓಡುತ್ತದೆ, ಅಲ್ಲೇ ಮೋಸ. ಬರುವಾಗ ಅದೇ ಏರು ತೊಡೆ ಹಿಡಿಯುತ್ತದೆ. ಆದ್ದರಿಂದ ಹೋಗುವಾಗ ಬೇಕೆಂದೇ ನಿಧಾನಿಸಿ. ದಾರಿಯಲ್ಲಿ ದಿಬ್ಬದ ಮೇಲೆ ಚೌಖಂಡಿ ಎಂಬ ಎಂಟು ಮೂಲೆಯ ಗೋರಿ ಕಾಣುತ್ತದೆ. ಮುಂದೆ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು, ಹೊಲಗಳ ನಡುವೆ. ಅವರಲ್ಲೊಬ್ಬ ಹುಮಾಯೂನನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಸೀಳಿ ಬಿದ್ದಿದೆ, ಒಳಗಿನ ಗೋಡೆಯ ದಪ್ಪ ಹೊರಗಿನಿಂದಲೇ ಕಾಣುತ್ತದೆ. ಇಲ್ಲೇ ಮಲಗಿರುವ ಸುಲ್ತಾನ ಅಹ್ಮದ್ ಶಾ ವಲಿಯನ್ನು ಇಲ್ಲಿನವರು ಅಲ್ಲಮಪ್ರಭು ಎಂದೂ ನಡೆದುಕೊಳ್ಳುತ್ತಾರೆ. ಉರುಸಿಗೆ ಮಾಡಿಯಾಳದ ಜಂಗಮರು ಬರುತ್ತಾರೆ. ಆ ದಿನಗಳಲ್ಲಿ ಈ ದಾರಿ ಓಡುವವರದಲ್ಲ, ಬೇರೆ ಕಡೆ ಹೋಗಿ.

ಊರಿನ ಪಶ್ಚಿಮಕ್ಕೆ ಬರೀದ್ ಶಾಹಿ ಗುಮ್ಮಟಗಳ ಉದ್ಯಾನ. ಬೆಳಗಿನ ವಾಕಿಂಗಿನವರ ಗುಂಪಿರುತ್ತದೆ, ಹೆಣ್ಣುಮಕ್ಕಳು ಒಬ್ಬರೇ ಓಡಲು ಅಷ್ಟು ನಿರಾಳ ಜಾಗ ನನಗೆ ಬೇರೆ ಸಿಕ್ಕಿಲ್ಲ. ನೀರಿನ ಪಕ್ಕ ಬೇಕೆನ್ನುವವರಿಗೆ ಪಾಪನಾಶ ದೇವಸ್ಥಾನದ ಕೆರೆ ಇದೆ. ಶಿವರಾತ್ರಿ ಹೊತ್ತಿಗೆ ಮಾತ್ರ ಜನ ಕಿಕ್ಕಿರಿದಿರುತ್ತಾರೆ. ಹೊನ್ನಿಕೇರಿ ಅಡವಿಯ ಕಡೆ ಹೋಗುವವರು ಹೊಲದಂಚಿನಲ್ಲಿ ಕೃಷ್ಣಮೃಗ ಕಂಡರೆ ನಿಂತುಬಿಡಿ. ಅವು ಓಡತೊಡಗಿದರೆ ನಿಮ್ಮ ಓಟ ನೋಡಿ ನಿಮಗೇ ನಾಚಿಕೆಯಾದೀತು.

ಕಲಬುರಗಿಯವರಿಗೆ ಶರಣಬಸವೇಶ್ವರ ಗುಡಿಯ ಹತ್ತಿರದ ಅಪ್ಪನ ಕೆರೆ ಇದೆ, ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ರಸ್ತೆಗಳಿವೆ. ವಾರಕ್ಕೊಮ್ಮೆಯ ಉದ್ದ ಓಟಕ್ಕೆ ಚಿಂಚೋಳಿ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಗುಡ್ಡ, ಕುಂಚಾವರಂ ಕಡೆಯ ಅಡವಿ ಮಳೆಗಾಲ ಮುಗಿದ ಮೇಲೆ ಕಲಬುರಗಿ ಜಿಲ್ಲೆಯೇ ಇದು ಎಂದು ನಂಬಲಾಗದ ಹಾಗೆ ಹಸಿರಾಗಿರುತ್ತದೆ. ಆದರೆ 2011ರಿಂದ ಅದು ವನ್ಯಜೀವಿ ಧಾಮ. ಒಳದಾರಿಗಳಲ್ಲಿ ಓಡಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, ಸೂರ್ಯ ಮೂಡುವ ಮೊದಲು ಅಲ್ಲಿ ಕಾಲಿಡಬೇಡಿ. ಇಯರ್‌ಫೋನ್ ಮನೆಯಲ್ಲೇ ಇರಲಿ.

ಯಾದಗಿರಿಯವರಿಗೆ ಸುರಪುರದ ಹತ್ತಿರ ಬೋನಾಳ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ದಡದ ಅಂಚಿನಲ್ಲಿ ದಡದಡ ಓಡಿ ಅವನ್ನು ಎಬ್ಬಿಸುವುದು ನನಗೆ ಸರಿಯೆನಿಸುವುದಿಲ್ಲ. ದೂರದ ರಸ್ತೆಯಲ್ಲಿ ಓಡಿ, ಕೆರೆ ಹತ್ತಿರ ಬಂದಾಗ ನಡೆಯಿರಿ.

ಹೊತ್ತು, ನೀರು, ನಾಯಿ

ಏಪ್ರಿಲ್‌–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮವು. ನಸುಕಿನ ಐದೂವರೆಗೆ ಹೊರಟು ಏಳರೊಳಗೆ ಮನೆ ಸೇರಿ. ಸಂಜೆ ಓಡುವೆನೆನ್ನುವವರಿಗೆ ಒಂದು ಮಾತು: ಹಗಲೆಲ್ಲ ಕಾದ ಕಲ್ಲು ಸೂರ್ಯ ಮುಳುಗಿದ ಮೇಲೂ ಒಲೆಯ ಹಾಗೆ ಬಿಸಿ ಉಗುಳುತ್ತದೆ. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ಆಮೇಲೆ ಒಗ್ಗರಣೆ ಹಾಕಿದ ಚುರುಮುರಿ ಸುಸಲಾ. ತಲೆ ತಿರುಗಿದರೆ, ಬೆವರು ನಿಂತುಹೋದರೆ ಓಟ ಅಲ್ಲಿಗೇ ನಿಲ್ಲಿಸಿ ನೆರಳು ಹಿಡಿಯಿರಿ, ಮೈಗೆ ನೀರು ಹಾಕಿಕೊಳ್ಳಿ. ಆದರೂ ಸುಧಾರಿಸದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ರಸ್ತೆಯಲ್ಲಿ ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ ಬಲಬದಿಗೆ ಓಡಿ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರಾಲಿಯ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಬರುತ್ತವೆ. ಹಾಡು ನಿಮಗೆ ಕೇಳಿಸುತ್ತದೆ, ನೀವು ಅವರಿಗೆ ಕಾಣಿಸುವುದಿಲ್ಲ. ಬಿಳಿ ಅಂಗಿ ಹಾಕಿ, ಕೈಯಲ್ಲಿ ಬ್ಯಾಟರಿ ಇರಲಿ. ಬ್ಯಾಟರಿ ಬೆಳಕು ಬದುವಿನ ಹಾವಿಗೂ ಬೇಕು. ಕೊಳಕುಮಂಡಲ ಹೆದರಿ ಓಡುವ ಹಾವಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ.

ಹಳೆ ಗುಮ್ಮಟಗಳ ಕಮಾನಿಗೆ ಹೆಜ್ಜೇನು ಕಟ್ಟಿದ್ದರೆ ದೂರದಿಂದಲೇ ಸುತ್ತು ಹಾಕಿ.

ಇನ್ನು ನಾಯಿ. ಕುರಿಹಟ್ಟಿಯ ನಾಯಿಗೆ ಓಡುವವನೆಂದರೆ ಕಳ್ಳ, ಅದರ ತಪ್ಪೇನಿಲ್ಲ. ದೂರದಲ್ಲಿ ಕಂಡ ಕೂಡಲೇ ಓಟ ಬಿಟ್ಟು ನಡಿಗೆಗೆ ಇಳಿಯಿರಿ. ಬೆನ್ನು ಹಾಕಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಕಲ್ಲೆತ್ತಬೇಡಿ. ಕಚ್ಚಿದರೆ ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆದು ಅವತ್ತೇ ಚುಚ್ಚುಮದ್ದು ಹಾಕಿಸಿಕೊಳ್ಳಿ. ಅರಿಶಿಣ, ಸುಣ್ಣ ಮೆತ್ತಬೇಡಿ. ಅದಕ್ಕೂ ಮೊದಲಿನ ಉಪಾಯ ಕುರಿ ಕಾಯುವವರ ಗುರುತು ಮಾಡಿಕೊಳ್ಳುವುದು. ನಮ್ಮ ಅಷ್ಟೂರಿನ ಮುತ್ಯಾ ಈಗ ನನ್ನನ್ನು ಕಂಡರೆ ದೂರದಿಂದಲೇ ನಾಯಿಯ ಹೆಸರು ಕೂಗಿ ಗದರಿಸುತ್ತಾರೆ, ಆಮೇಲೆ ನನ್ನ ಕಡೆ ತಿರುಗಿ ಕೇಳುತ್ತಾರೆ: ‘ಇವತ್ತರ ಸಿಕ್ಕಾನೇನೋ ಕಳ್ಳ?’