ಸಣ್ಣ ಸುಖಗಳ ಹದ ಹಿಡಿಯುವುದು ಹೇಗೆ

ಕೆಲವು ವರ್ಷಗಳ ಹಿಂದೆ ದಾವಣಗೆರೆಯಿಂದ ಚಿತ್ರದುರ್ಗದ ಮನೆಗೆ ಹೊರಟಾಗ, ಅಮ್ಮನಿಗೆ ಇಷ್ಟವೆಂದು ನಾಲ್ಕು ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಸುಮಾರು 60 ಕಿಲೋಮೀಟರ್ ದಾರಿ; ಬಸ್ಸು ನಿಂತು ನಿಂತು ಹೊರಟದ್ದು, ಆಟೋ ಸಿಗದೆ ಕಾದದ್ದು ಎಲ್ಲ ಸೇರಿ ಮನೆ ಮುಟ್ಟುವ ಹೊತ್ತಿಗೆ ಎರಡು ಗಂಟೆಗೆ ಮೇಲಾಗಿತ್ತು. ಪೊಟ್ಟಣ ಬಿಚ್ಚಿದರೆ ದೋಸೆಗಳು ಒಂದಕ್ಕೊಂದು ಅಂಟಿಕೊಂಡು, ಬೆಣ್ಣೆಯನ್ನೆಲ್ಲ ಕಾಗದ ಹೀರಿ, ಹಿಂಡಿಟ್ಟ ಬಟ್ಟೆಯ ಹಾಗೆ ಮುದುಡಿದ್ದವು. ಅಮ್ಮ ಒಂದು ತುಂಡು ಬಾಯಿಗಿಟ್ಟು, ‘ಹೆಂಚಿನಿಂದ ತಟ್ಟೆಗೆ ಬೀಳಬೇಕಾದ್ದನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಬಂದಿದ್ದೀಯಲ್ಲಪ್ಪ, ಹದ ಎಲ್ಲಿ ಉಳಿಯುತ್ತೆ?’ ಎಂದಳು. ಹಾಗೆಂದರೂ ನನ್ನ ಮುಖ ನೋಡಿ ಎರಡು ದೋಸೆ ತಿಂದಳು.

ಹದ ಎಂಬ ಮಾತನ್ನು ನಮ್ಮ ಕಡೆ ದಿನಕ್ಕೆ ಹತ್ತು ಸಲ ಆಡುತ್ತೇವೆ. ಬೆಲ್ಲದ ಪಾಕಕ್ಕೆ ಹದವಿದೆ, ರೊಟ್ಟಿಯ ಹಿಟ್ಟಿಗೆ ಹದವಿದೆ. ಮಳೆ ನಿಂತ ಮೇಲೆ ಹೊಲಕ್ಕೆ ಹೋದ ರೈತ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಬೆರಳು ಬಿಚ್ಚಿ, ಅದು ಉಂಡೆಯಾಗಿ ನಿಂತಿತೋ ಉದುರಿತೋ ನೋಡಿ, ಹದ ಆರುವ ಮೊದಲು ಬಿತ್ತನೆ ಮುಗಿಸಬೇಕೆಂದು ಅವಸರಪಡುತ್ತಾನೆ. ದಿನನಿತ್ಯದ ಸಣ್ಣ ಸುಖಗಳಿಗೂ ಹೀಗೆಯೇ ಒಂದು ಹದವಿರುತ್ತದೆ ಎಂಬುದು ನಾನು ತಡವಾಗಿ ಕಂಡುಕೊಂಡ ಸಂಗತಿ. ಸುಖ ಕೊಡುವ ವಸ್ತುಗಳಿಗೆ ನಮ್ಮ ಬದುಕಿನಲ್ಲಿ ಕೊರತೆಯೇನಿಲ್ಲ. ಆದರೆ ನಾವು ಅವುಗಳ ಬಳಿಗೆ ಹೊತ್ತು ಮೀರಿದ ಮೇಲೆ, ಅಥವಾ ಇನ್ನೊಂದು ಕೆಲಸವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತೇವೆ. ಆದ್ದರಿಂದ ಕಲಿಯಬೇಕಾದದ್ದು ಹೊಸ ಸುಖಗಳನ್ನು ಹುಡುಕುವುದನ್ನಲ್ಲ, ಇರುವುದರ ಹದ ಗುರುತಿಸಿ ಆ ಹೊತ್ತಿಗೆ ಅಲ್ಲಿರುವುದನ್ನು.

ಮೊದಲಿಗೆ ಒಂದು ವಾರ ಏನನ್ನೂ ಬದಲಿಸದೆ, ದಿನದ ಯಾವ ಹೊತ್ತಿನಲ್ಲಿ ನಿಮ್ಮ ಮುಖ ತಾನಾಗಿ ಸಡಿಲವಾಗುತ್ತದೆ ಎಂಬುದನ್ನು ಮಾತ್ರ ಗಮನಿಸಿ. ಬೆಳಗಿನ ಚಹಾದ ಮೊದಲ ಗುಟುಕಿರಬಹುದು, ಸ್ನಾನ ಮುಗಿಸಿ ಒಗೆದ ಪಂಚೆ ಉಡುವ ಗಳಿಗೆಯಿರಬಹುದು, ಸಂಜೆ ಅಂಗಡಿಯ ಬಾಗಿಲು ಎಳೆದು ಕಟ್ಟೆಯ ಮೇಲೆ ಕೂರುವ ಐದು ನಿಮಿಷವಿರಬಹುದು. ವಾರದ ಕೊನೆಗೆ ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಐದಾರನ್ನು ಒಟ್ಟಿಗೆ ಹಿಡಿದವರು ನಾಲ್ಕನೆಯ ದಿನಕ್ಕೆ ಅದನ್ನೂ ಕಚೇರಿಯ ಕೆಲಸದಂತೆ ಲೆಕ್ಕ ಹಾಕತೊಡಗುತ್ತಾರೆ. ನಾನೂ ಒಮ್ಮೆ ಹಾಗೆ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಅದನ್ನು ನೋಡಿದಾಗಲೆಲ್ಲ ಸುಮ್ಮನೆ ಸಿಟ್ಟಾಗುತ್ತಿದ್ದೆ.

ಹದವನ್ನು ನಾಲಿಗೆಯಿಂದ ಕಲಿಯುವುದು ಸುಲಭವಾದ್ದರಿಂದ ಬೆಣ್ಣೆ ದೋಸೆಯಿಂದಲೇ ಆರಂಭಿಸೋಣ. ದಾವಣಗೆರೆಯ ದೋಸೆಯ ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆ, ಮೆಂತ್ಯದ ಜೊತೆಗೆ ನೆನೆಸಿದ ಮಂಡಕ್ಕಿಯನ್ನೂ ಸೇರಿಸಿ ರುಬ್ಬುವುದುಂಟು. ಅಂಚು ಗರಿಯಾಗಿ ನಡುವೆ ಮೆತ್ತಗಿರುವುದೇ ಅದರ ಗುಣ. ಒಳಗಿನ ಮೆತ್ತನೆಯ ಭಾಗದಲ್ಲಿ ಉಳಿದ ಆವಿ ಹೊರಬರುತ್ತ ಮೇಲಿನ ಗರಿಯನ್ನು ನೆನೆಸುವುದರಿಂದ ಈ ಎರಡು ಗುಣಗಳೂ ಒಟ್ಟಿಗೆ ಇರುವುದು ಕೆಲವೇ ನಿಮಿಷ. ಪೊಟ್ಟಣದಲ್ಲಿ ಆ ಆವಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ನನ್ನ ಬಸ್ಸಿನ ದೋಸೆಗಳಿಗೆ ಆದದ್ದು ಇದೇ. ಹಾಗಾಗಿ ಹೋಟೆಲಿಗೆ ಹೋದಾಗ ಹೆಂಚು ಕಾಣುವ ಕಡೆ ಕೂರಿ. ಎರಡು ದೋಸೆ ಬೇಕಿದ್ದರೂ ಒಂದೊಂದಾಗಿಯೇ ಹೇಳಿ, ಇಲ್ಲವಾದರೆ ಎರಡನೆಯದು ನಿಮ್ಮೆದುರೇ ತಣ್ಣಗಾಗುತ್ತದೆ. ಮೊದಲ ತುತ್ತನ್ನು ಚಟ್ನಿ ಮುಟ್ಟಿಸದೆ ತಿನ್ನಿ; ಬೆಣ್ಣೆ ಮತ್ತು ಹಿಟ್ಟಿನ ಹುಳಿ ನಾಲಿಗೆಗೆ ಗೊತ್ತಾದ ಮೇಲೆ ಚಟ್ನಿ, ಆಮೇಲೆ ಆಲೂಗಡ್ಡೆ ಪಲ್ಯ. ಸೌದೆ ಒಲೆಯ ಮೇಲೆ ಹೆಂಚಿಟ್ಟಿರುವ ಹೋಟೆಲಾದರೆ ಹೊಗೆಯ ತೆಳುವಾದ ವಾಸನೆಯೂ ಸಿಗುತ್ತದೆ. ಎದುರಿಗೆ ಕೂತವರು ಮಾತಿಗೆಳೆದರೆ, ದೋಸೆ ಮುಗಿಸಿ ಮಾತಾಡೋಣವೆಂದರೆ ನಮ್ಮೂರಿನಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡಲು ಮಂಡಕ್ಕಿ ಒಗ್ಗರಣೆಗಿಂತ ಒಳ್ಳೆಯ ಗುರುವಿಲ್ಲ. ದಾವಣಗೆರೆಯ ಭಟ್ಟಿಗಳಲ್ಲಿ ಉಪ್ಪು ಹಿಡಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ, ಕಾಳಿನೊಳಗಿನ ತೇವವು ಒಮ್ಮೆಲೆ ಆವಿಯಾಗಿ ಅದನ್ನು ಉಬ್ಬಿಸುತ್ತದೆ; ಮಂಡಕ್ಕಿ ಹುಟ್ಟುವುದೇ ಒಂದು ಗಳಿಗೆಯ ಹದದಿಂದ. ನಾಲ್ಕು ಬೊಗಸೆ ಮಂಡಕ್ಕಿಗೆ ಎರಡು ಈರುಳ್ಳಿ, ಒಂದು ಟೊಮೆಟೊ, ನಾಲ್ಕು ಹಸಿಮೆಣಸಿನಕಾಯಿ ಹೆಚ್ಚಿಟ್ಟುಕೊಳ್ಳಿ. ಹುರಿಗಡಲೆಯ ಪುಡಿ, ಕೊತ್ತಂಬರಿ, ನಿಂಬೆಹಣ್ಣು ಕೈಗೆ ಸಿಗುವಂತಿರಲಿ. ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಶೇಂಗಾ, ಕರಿಬೇವು ಹಾಕಿ, ಮೆಣಸಿನಕಾಯಿ ಮತ್ತು ಈರುಳ್ಳಿ ಬಾಡಿದ ಮೇಲೆ ಟೊಮೆಟೊ, ಅರಿಶಿನ, ಉಪ್ಪು ಸೇರಿಸಿ ಬೇಯಿಸಿ. ಒಗ್ಗರಣೆ ಸಿದ್ಧವಾಗುವವರೆಗೆ ಮಂಡಕ್ಕಿಗೆ ನೀರು ಸೋಕಿಸಬಾರದು. ಆಮೇಲೆ ಅಗಲವಾದ ಪಾತ್ರೆಯ ನೀರಿಗೆ ಅದನ್ನು ಸುರಿದು, ತೇಲುವುದನ್ನು ಅಂಗೈಯಿಂದ ಒತ್ತಿ ಮುಳುಗಿಸಿ, ಮನಸ್ಸಿನಲ್ಲಿ ಹತ್ತು ಎಣಿಸಿ ತೆಗೆಯಿರಿ. ಎರಡು ಅಂಗೈಗಳ ನಡುವೆ ಹಿಂಡುವಾಗ ಕಾಳಿನ ಹೊರಗೆ ಮೆತ್ತಗಾಗಿ ಒಳಗೆ ಇನ್ನೂ ಒಂದಿಷ್ಟು ಬಿರುಸು ಇರುವುದು ಬೆರಳಿಗೆ ತಿಳಿಯಬೇಕು. ಅದು ತಿಳಿಯದಿದ್ದರೆ ನೆಂದದ್ದು ಹೆಚ್ಚಾಯಿತೆಂದೇ ಅರ್ಥ, ಮುಂದಿನ ಸಲ ಆರು ಎಣಿಸಿ. ಬಾಣಲೆಗೆ ಹಾಕಿ ಎರಡು ಸಲ ಮಗುಚಿ, ಒಲೆ ಆರಿಸಿ, ಹುರಿಗಡಲೆ ಪುಡಿ ಉದುರಿಸಿ, ನಿಂಬೆ ಹಿಂಡಿ, ಕೂಡಲೇ ತಟ್ಟೆಗೆ ಬಡಿಸಿ. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇರಲೇಬೇಕೆಂಬುದು ನನ್ನ ಹಟ. ಅದಕ್ಕೆ ಕಾರಣ ಕೇಳಬಾರದು.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಉದ್ದೇಶವಿದೆ. ನೀರಿನಲ್ಲಿ ಕೈಯಿಟ್ಟು ಹತ್ತು ಎಣಿಸುತ್ತಿರುವಾಗ ಮೊಬೈಲ್ ನೋಡಲು ಸಾಧ್ಯವಿಲ್ಲ. ಒದ್ದೆ ಕೈ, ಎಣ್ಣೆ ಕೈ, ಮಣ್ಣು ಹತ್ತಿದ ಕೈ ಇರುವ ಕೆಲಸಗಳೆಲ್ಲವೂ ಹೀಗೆ ನಮ್ಮನ್ನು ಬಲವಂತವಾಗಿ ಒಂದೇ ಕಡೆ ನಿಲ್ಲಿಸುತ್ತವೆ. ಮನಸ್ಸನ್ನು ಒಂದೆಡೆ ನಿಲ್ಲಿಸಲು ಕಷ್ಟಪಡುವವರು ಕಣ್ಣು ಮುಚ್ಚಿ ಕೂರುವುದಕ್ಕಿಂತ ಬೆಳಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕುವುದೋ, ಅವರೆಕಾಯಿ ಸುಲಿಯುವುದೋ, ಜೋಳದ ರೊಟ್ಟಿ ತಟ್ಟುವುದೋ ಮೇಲೆಂದು ನನ್ನ ಅನಿಸಿಕೆ.

ಮಳೆಯ ಹದವಂತೂ ಇನ್ನೂ ಚಿಕ್ಕದು. ‘ಭರಣಿ ಮಳೆ, ಧರಣಿ ಬೆಳೆ’ ಎನ್ನುವ ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್ ಕೊನೆಯ ಸಂಜೆಯೊಂದು ಗಾಳಿಯೆದ್ದು, ಧೂಳು ಹಾರಿ, ಮೊದಲ ಹನಿಗಳು ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಮುಖ್ಯ ಕಾರಣ ಮಣ್ಣಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತು. ಹನಿ ಮಣ್ಣಿಗೆ ಬಡಿದಾಗ ಅಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಒಡೆದು ಆ ವಾಸನೆಯನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಹಗುರವಾದ ಮಳೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ರಭಸದ ಮಳೆಯಲ್ಲಿ ಮಣ್ಣು ಬೇಗ ತೋಯ್ದು ನಿಂತುಹೋಗುತ್ತದೆ. ಇದಲ್ಲದೆ ಮನುಷ್ಯನ ಮೂಗು ಯಾವ ವಾಸನೆಗಾದರೂ ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಎಂದರೆ ನಿಮಗಿರುವ ಸಮಯ ಬಹಳ ಕಡಿಮೆ. ಕೈಯಲ್ಲಿರುವ ಕೆಲಸವನ್ನು ಅಲ್ಲಿಗೇ ಬಿಟ್ಟು ಬಾಗಿಲಿಗೆ ಬನ್ನಿ. ಒಣಹಾಕಿದ ಬಟ್ಟೆ, ಹಪ್ಪಳಗಳನ್ನು ತರಲು ಮಾಳಿಗೆ ಹತ್ತಿದವರು ಅವಸರದಲ್ಲಿ ಇಳಿಯದೆ ಅಲ್ಲೇ ಎರಡು ನಿಮಿಷ ನಿಲ್ಲಿ. ಮನೆಯವರು ಬೈಯುವುದೂ ಆ ಸುಖದ ಭಾಗವೇ.

ನೀರು ಅಪರೂಪವಾದ ನೆಲದಲ್ಲಿ ನೀರನ್ನು ನೋಡುವುದೇ ಒಂದು ಹಬ್ಬ. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ, 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಜನ ಸಂಸಾರ ಸಮೇತ ಬಂದು ನಿಂತು ನೋಡಿದ್ದು ಬೇರೇನನ್ನೂ ಅಲ್ಲ, ಕಲ್ಲಿನ ಮೇಲಿಂದ ಕೆಳಗೆ ಇಳಿಯುವ ನೀರನ್ನು. ಅಷ್ಟು ವರ್ಷ ಕಾಯುವ ಅಗತ್ಯ ನಮಗಿಲ್ಲ. ದಾವಣಗೆರೆಯವರು ಕುಂದುವಾಡ ಕೆರೆಯ ಏರಿಯ ಮೇಲೆ ಬಿಸಿಲೇರುವ ಮೊದಲು ಒಂದು ಸುತ್ತು ಹಾಕಿದರೆ ಸಾಕು. ಹೆಜ್ಜೆ ಎಣಿಸುವ ಯಂತ್ರವನ್ನು ವಾರಕ್ಕೊಂದು ದಿನವಾದರೂ ಮನೆಯಲ್ಲಿ ಬಿಟ್ಟು, ನೀರುಹಕ್ಕಿಗಳು ಎಲ್ಲಿ ಸೇರಿವೆಯೋ ಅಲ್ಲಿ ನಿಲ್ಲಬೇಕು.

ದುರ್ಗದವರಿಗೆ ಕೋಟೆಯಿದೆ. ಹೊರಗಿನಿಂದ ಬಂದವರು ಏಳು ಸುತ್ತಿನ ಕೋಟೆಯನ್ನು ಒಂದೇ ದಿನ, ಅದೂ ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಿಳಿದು, ಒನಕೆ ಓಬವ್ವನ ಕಿಂಡಿಯಲ್ಲಿ ನುಸುಳಿ, ಸುಸ್ತಾಗಿ ಹೋಗುತ್ತಾರೆ. ಊರಿನವರು ಹಾಗೆ ಮಾಡಬೇಕಿಲ್ಲ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಒಂದೇ ಜಾಗವನ್ನು ಗುರಿಯಾಗಿಟ್ಟುಕೊಂಡು, ಅಲ್ಲಿಂದಲೇ ಹಿಂತಿರುಗಿ. ನನ್ನ ಜಾಗ ಗೋಪಾಲಸ್ವಾಮಿ ಹೊಂಡ. ಅದು ತುಂಬಿದ ಮೇಲೆ ಹೆಚ್ಚಾದ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ ಇಳಿಯುವಂತೆ ಹಿಂದಿನವರು ಮಾಡಿಟ್ಟಿದ್ದಾರೆ. ಮುಂಜಾನೆ ಬಂಡೆ ಇನ್ನೂ ರಾತ್ರಿಯ ತಂಪನ್ನು ಹಿಡಿದಿರುತ್ತದೆ. ಚಪ್ಪಲಿ ಕಳಚಿ ಅಂಗಾಲನ್ನು ಅದರ ಮೇಲಿಟ್ಟು ಕೂತರೆ, ಸೂರ್ಯ ಏರಿದಂತೆಲ್ಲ ಕಲ್ಲು ಬೆಚ್ಚಗಾಗುವುದು ಕಾಲಿಗೇ ಗೊತ್ತಾಗುತ್ತದೆ. ಕಲ್ಲು ಸುಡುವ ಮೊದಲು ಎದ್ದುಬಿಡಿ. ಇನ್ನೂ ಸ್ವಲ್ಪ ಹೊತ್ತು ಕೂರಬೇಕಿತ್ತು ಎನ್ನಿಸುವಾಗಲೇ ಎದ್ದರೆ, ಮುಂದಿನ ವಾರ ಕಾಲು ತಾನಾಗಿ ಅತ್ತ ಹೊರಡುತ್ತದೆ.

ಫೋಟೊ ತೆಗೆಯಬಾರದೇ ಎಂದು ಕೇಳುವವರಿದ್ದಾರೆ. ತೆಗೆಯಬಹುದು, ಆದರೆ ಕೊನೆಯಲ್ಲಿ. ಮೊದಲೇ ತೆಗೆದರೆ ಕಣ್ಣು ಉಳಿದ ಹೊತ್ತನ್ನೆಲ್ಲ ಇನ್ನೂ ಒಳ್ಳೆಯ ಕೋನ ಹುಡುಕುವುದರಲ್ಲೇ ಕಳೆಯುತ್ತದೆ.

ಇಷ್ಟೂ ಒಬ್ಬರೇ ಅನುಭವಿಸುವ ಸುಖಗಳಾದವು. ಇನ್ನೊಬ್ಬರ ಕೈಯಿಂದ ಬರುವ ಸುಖವನ್ನು ಹಿತವಾಗಿ ಸ್ವೀಕರಿಸುವುದಕ್ಕೆ ಬೇರೆಯದೇ ಅಭ್ಯಾಸ ಬೇಕು, ಮತ್ತು ನಮ್ಮಲ್ಲಿ ಹಲವರು ಎಡವುವುದು ಇಲ್ಲಿಯೇ. ಪಕ್ಕದ ಮನೆಯವರು ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆ ತಂದುಕೊಟ್ಟಾಗ, ‘ಅಯ್ಯೋ, ಯಾಕೆ ತರೋಕೆ ಹೋದ್ರಿ, ನಮ್ಮನೇಲಿ ಸಿಹಿ ತಿನ್ನೋರೇ ಇಲ್ಲ’ ಎಂದುಬಿಡುತ್ತೇವೆ. ನಮಗದು ಉಪಚಾರದ ಮಾತು. ಕೊಟ್ಟವರ ಮುಖ ಮಾತ್ರ ಸಣ್ಣಗಾಗುತ್ತದೆ. ಬದಲಿಗೆ ಅವರೆದುರೇ ಮುಚ್ಚಳ ತೆಗೆದು, ಏಲಕ್ಕಿಯ ವಾಸನೆ ನೋಡಿ, ‘ಬಿಸಿ ಇದೆ ಅಕ್ಕ, ಈಗಲೇ ತಿಂತೀನಿ’ ಎನ್ನಿ, ಮತ್ತು ನಿಜವಾಗಿಯೂ ಆಗಲೇ ತಿನ್ನಿ. ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬ ಹಳೆಯ ಪದ್ಧತಿಯನ್ನು ಬಿಡಬೇಡಿ. ಏನೂ ಇಲ್ಲದ ದಿನ ನಮ್ಮಜ್ಜಿ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದಳು. ಆದರೆ ಹೋಳಿಗೆಗೆ ಸರಿಸಮವಾಗಿ ಮರುದಿನವೇ ಇನ್ನೇನನ್ನೋ ಮಾಡಿ ಕಳಿಸುವುದು ಸಾಲ ತೀರಿಸಿದಂತಾಗುತ್ತದೆ. ನಾಲ್ಕು ದಿನ ಕಳೆದು, ಶೇಂಗಾ ಚಟ್ನಿಪುಡಿ ಕುಟ್ಟಿದ ದಿನ, ಒಂದು ಬಟ್ಟಲು ತುಂಬಿ ಕೊಟ್ಟರೆ ಸರಿಯಾಗುತ್ತದೆ.

ಮನೆಯಲ್ಲಿ ಕಾಯಿಲೆಯಿದ್ದಾಗ, ಸಾಲದ ಕಂತು ತಪ್ಪಿದಾಗ ಇವೆಲ್ಲ ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಅಂಥ ದಿನಗಳಲ್ಲಿ ಸಂತೋಷವಾಗಿರಬೇಕೆಂದು ತನಗೆ ತಾನೇ ಒತ್ತಾಯ ಮಾಡಿಕೊಳ್ಳುವುದು ಇನ್ನೊಂದು ಹೊರೆ. ರಾತ್ರಿ ಪಾಳಿಯಲ್ಲಿ ದುಡಿಯುವವರು ಮುಂಜಾನೆಯ ಮಾತು ನಮಗಲ್ಲವೆಂದು ಕೈಬಿಡಬೇಕಿಲ್ಲ. ಅವರ ಹದ ಪಾಳಿ ಮುಗಿಸಿ ಬಂದು ಕಾಲು ತೊಳೆಯುವ ನೀರಿನಲ್ಲಿರಬಹುದು.

ಯಾವುದರಿಂದ ಆರಂಭಿಸಲೆಂದು ತೋಚದವರು ನಾಳೆ ಸಂಜೆ ಒಂದು ಮೊಳ ಮಲ್ಲಿಗೆ ತನ್ನಿ. ಅರಳಿದ್ದನ್ನು ಬೇಡವೆಂದು ಹೇಳಿ, ಬಿಗಿಯಾಗಿರುವ ಮೊಗ್ಗನ್ನೇ ಕೇಳಿ. ಅದು ಹೊತ್ತು ಮುಳುಗಿದ ಮೇಲೆ ಬಿರಿಯುತ್ತದೆ. ಮುಡಿಯುವವರು ಮುಡಿಯಲಿ, ಉಳಿದವರು ಒದ್ದೆ ಬಟ್ಟೆಯ ಮೇಲೆ ಹರಡಿ, ತಟ್ಟೆಯಲ್ಲಿಟ್ಟು, ಹಾಸಿಗೆಯ ಪಕ್ಕ ಇಟ್ಟುಕೊಳ್ಳಲಿ. ಎಂಟು ಗಂಟೆಯ ಹೊತ್ತಿಗೊಮ್ಮೆ, ಮಲಗುವ ಮೊದಲೊಮ್ಮೆ ಮೊಗ್ಗಿನ ತುದಿ ಎಷ್ಟು ಬಿಚ್ಚಿದೆಯೆಂದು ನೋಡಿ. ಸ್ವಲ್ಪ ಹೊತ್ತಿಗೆ ವಾಸನೆಯೇ ಬರುತ್ತಿಲ್ಲ ಎನ್ನಿಸಿದರೆ ಹೂವನ್ನು ದೂರಬೇಡಿ, ಮೂಗು ಒಗ್ಗಿಹೋಗಿರುತ್ತದೆ. ಎದ್ದು ಅಂಗಳಕ್ಕೆ ಹೋಗಿ, ಎರಡು ನಿಮಿಷ ನಿಂತು, ಮತ್ತೆ ಒಳಗೆ ಬನ್ನಿ.