ಪೀಣ್ಯದಿಂದ ತುಮಕೂರಿಗೆ ವರ್ಕ್‌ಶಾಪ್ ಸಾಗಿಸುವ ಮುಂಚೆ

ಬೆಂಗಳೂರಿನ ಪೀಣ್ಯದಲ್ಲಿ ಮೂರು ಲೇತ್ (ಲೋಹದ ತುಂಡು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು 11 ವರ್ಷ ದುಡಿದೆ. ಬಾಡಿಗೆ ಜಾಸ್ತಿ ಅಂತಲೇ ಜನ ಜಾಗ ಬಿಡುತ್ತಾರೆ ಅನ್ನುತ್ತಾರೆ. ನನ್ನನ್ನು ಹೊರಡಿಸಿದ್ದು ಮಾತ್ರ ನಮ್ಮ ಕೆಲಸದ ಹುಡುಗರು. ಒಂದೇ ರೂಮಿನಲ್ಲಿ ನಾಲ್ವರು ಇದ್ದು ಸಾಕಾಗಿ, ಹಬ್ಬಕ್ಕೆ ಊರಿಗೆ ಹೋದವರು ವಾಪಸ್ ಬರಲೇ ಇಲ್ಲ. ಅವರ ಊರ ಹತ್ತಿರಕ್ಕೇ, ತುಮಕೂರಿಗೆ, ನಾನು ಹೋದೆ.

ನೀವೂ ಹೊರಡುವುದಾದರೆ, ಒಂದು ವಾರ ಕೆಲಸ ಎಲ್ಲೆಲ್ಲಿ ಓಡಾಡುತ್ತದೆ ಅಂತ ಬರೆದಿಡಿ. ಪೀಣ್ಯದಲ್ಲಿ ಪ್ಲೇಟಿಂಗ್ (ಲೋಹದ ಲೇಪ), ಗ್ರೈಂಡಿಂಗ್ (ಉಜ್ಜಿ ನುಣುಪು ಮಾಡುವುದು), ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ಗಟ್ಟಿ ಮಾಡುವುದು) ಎಲ್ಲ ಪಕ್ಕದ ರಸ್ತೆಯಲ್ಲೇ ಸಿಗುತ್ತಿತ್ತು. ಟೂಲ್ ಮುರಿದರೆ ಹುಡುಗ ಸೈಕಲ್‌ನಲ್ಲಿ ಹೋಗಿ ತರುತ್ತಿದ್ದ. ಬೆಂಗಳೂರಿನಿಂದ ತುಮಕೂರು ಸುಮಾರು 70 ಕಿ.ಮೀ. ಈ ಓಡಾಟದ ಖರ್ಚು ಲೆಕ್ಕಕ್ಕೆ ಹಿಡಿಯದಿದ್ದರೆ ಬಾಡಿಗೆಯಲ್ಲಿ ಉಳಿಸಿದ್ದು ಡೀಸೆಲ್‌ಗೆ ಹೋಗುತ್ತದೆ, ಅಲ್ವಾ?

ಅಡ್ವಾನ್ಸ್ ಕೊಡುವ ಮೊದಲು ಶೆಡ್‌ಗೆ ಮಂಜೂರಾದ ತ್ರೀ ಫೇಸ್ ಲೋಡ್ (ಯಂತ್ರ ಓಡಿಸಲು ಸಿಗುವ ಕರೆಂಟ್‌ನ ಮಿತಿ) ಎಷ್ಟು ಅಂತ ಕರೆಂಟ್ ಬಿಲ್‌ನಲ್ಲೇ ನೋಡಿ. ಬಾಯಿಮಾತು ನಂಬಬೇಡಿ.

ಮೊದಲು ಒಂದೇ ಲೇತ್ ಸಾಗಿಸಿ, ಒಂದು ತಿಂಗಳು ಓಡಿಸಿ. ಕೂರಿಸಿದ ಮೇಲೆ ಲೆವೆಲ್ ನೋಡದೆ ಕೆಲಸ ಶುರು ಮಾಡಬೇಡಿ, ಟೇಪರ್ ಬರುತ್ತದೆ, ಅಂದರೆ ಕಡೆದ ತುಂಡು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ ಆಗುತ್ತದೆ. ರಾಜ್ಯದೊಳಗೇ ಹೋಗುವುದರಿಂದ ಜಿಎಸ್‌ಟಿ ನಂಬರ್ ಅದೇ ಇರುತ್ತದೆ. ವಿಳಾಸ ಬದಲಾದ 15 ದಿನದೊಳಗೆ ತಿದ್ದುಪಡಿಗೆ ಅರ್ಜಿ ಹಾಕಿ.